ಮುಖ ತೊಳೆಯುವ ಕುರ್ಚಿ

6 ಜನವರಿ 1992

ಪ್ರೀತಿಯ ಗುಬ್ಬಿ,

ಈ ಹಾಳೆಯನ್ನು ತಿರುಗಿಸಿ ನೋಡಬೇಡ. ನಿನ್ನ ಭಾವ ಕೆಲಸ ಮಾಡುವ ಪ್ರೆಸ್ಸಿನ ಕೆಟ್ಟ ಪ್ರೂಫು ಇದು. ಯಾರೋ ಪಶುವೈದ್ಯರ ಪುಸ್ತಕ, ಹಿಂಬದಿಯಲ್ಲಿ ದನದ ಹೊಟ್ಟೆಯೊಳಗಿನ ಚಿತ್ರವಿದೆ. ನಮ್ಮ ಅತ್ತೆಯ ಕೈಕೆಳಗೆ ಪಳಗಿದ ಮೇಲೆ ಹೊಸ ಹಾಳೆ ಮುಟ್ಟಲು ಕೈ ಬರುತ್ತದೆಯೇ? ಲಕೋಟೆಯೂ ನಿನ್ನದೇ. ಮನೆ ಬಿಟ್ಟ ಹೊಸದರಲ್ಲಿ ವಿಳಾಸ ತಿಳಿಸಿ ಬರೆದಿದ್ದೆಯಲ್ಲ, ಅದನ್ನೇ ಬಿಚ್ಚಿ ಒಳಮೈ ಹೊರಗೆ ಮಾಡಿ ಅಂಟಿಸಿದ್ದೇನೆ.

ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಈಗೇಕೆ ಬರೆದಳು ಎನ್ನಬಹುದು. ನಿನ್ನ ಭಾವನಿಗೆ ಮೇ ಕೊನೆಗೆ ನಿವೃತ್ತಿ. ಆಮೇಲೆ ನಾವು ದೊಡ್ಡ ಮಗಳ ಮನೆಗೆ ಹೊರಡುತ್ತೇವೆ. ಅವಳು ಇರುವ ಊರು ಎಷ್ಟು ದೂರವೆಂದರೆ, ಒಮ್ಮೆ ಹೋದ ಮೇಲೆ ನಮ್ಮ ವಯಸ್ಸಿಗೆ ಮತ್ತೆ ಈ ಕಡೆ ಬರುವುದು ಬರೀ ಬಾಯಿಮಾತು. ಹೋಗುವ ಮೊದಲು ಒಂದೇ ಒಂದು ದಿನ ನಿನ್ನ ಪಕ್ಕದಲ್ಲಿ ನಿಂತು ಅಡುಗೆ ಮಾಡಬೇಕು ಗುಬ್ಬಿ. ಹದಿನೆಂಟು ವರ್ಷ ಒಂದೇ ಒಲೆಯ ಮುಂದೆ ಮೊಣಕೈ ತಾಗಿಸಿಕೊಂಡು ನಿಂತವರು ನಾವು. ಈಗ ಈ ಅಡುಗೆಮನೆಯಲ್ಲಿ ಎಷ್ಟು ಜಾಗವಿದೆಯೆಂದರೆ, ತಿರುಗಿದರೆ ಯಾರೂ ತಗಲುವುದಿಲ್ಲ. ಅದೇ ನನಗೆ ಬೇಜಾರು.

ಆದರೆ ಅಣ್ಣತಮ್ಮಂದಿರು ಮಾತು ಬಿಟ್ಟ ಮೇಲೆ ಓರಗಿತ್ತಿಯರು ಯಾವ ಮುಖ ಹೊತ್ತುಕೊಂಡು ಓಡಾಡುವುದು? ಎಲ್ಲ ಆ ಒಂದು ಕುರ್ಚಿಯಿಂದ. ಅತ್ತೆ ತೀರಿಕೊಂಡ ಮೇಲೆ ಆ ಬಾಡಿಗೆ ಮನೆ ಖಾಲಿ ಮಾಡುವ ದಿನ ಅಷ್ಟು ಸಾಮಾನಿನಲ್ಲಿ ನಿನ್ನ ಯಜಮಾನನಿಗೆ ಗುಜರಿಯವನ ಗಾಡಿಗೆ ಹಾಕಲು ಆ ಕುರ್ಚಿಯೇ ಸಿಗಬೇಕಿತ್ತೇ? ನಿನ್ನ ಭಾವ ಅಂದಿದ್ದೂ ತಪ್ಪೇ. ಬೀದಿಯಲ್ಲಿ ಅಕ್ಕಪಕ್ಕದವರ ಮುಂದೆ ತಮ್ಮನಿಗೆ ಹಾಗೆ ಅನ್ನಬಾರದಿತ್ತು. ಅವರು ಇವತ್ತಿಗೂ ಆ ಮಾತು ಎತ್ತುವುದಿಲ್ಲ, ನಾನೂ ಕೆದಕುವುದಿಲ್ಲ.

ಈ ಕಾಗದದ ವಿಷಯ ಅವರಿಗೆ ಗೊತ್ತಿಲ್ಲ. ಕೆಳಮನೆಯವರ ಫೋನಿಗೆ ಮಾತ್ರ ಮಾಡಬೇಡ. ಅಲ್ಲಿ ಮಾತಾಡಿದರೆ ಇಡೀ ಕಟ್ಟಡಕ್ಕೆ ಡಂಗುರ ಸಾರಿದಂತೆ. ಮಧ್ಯಾಹ್ನದ ಅಂಚೆ ನಾನೇ ತೆಗೆದುಕೊಳ್ಳುತ್ತೇನೆ, ಬರೆ.

ನಿನ್ನ
ಅಕ್ಕ


20 ಜನವರಿ 1992

ಅಕ್ಕಾ,

ನಿಮ್ಮ ಕಾಗದ ನೋಡಿ ಮೊದಲು ಅತ್ತುಬಿಟ್ಟೆ, ಆಮೇಲೆ ದನದ ಹೊಟ್ಟೆ ನೋಡಿ ನಕ್ಕೆ. ನೋಡಬೇಡ ಎಂದರೆ ನೋಡದೆ ಇರುವ ಜಾತಿಯೇ ನಾನು? ಇದು ಹೋದ ವರ್ಷದ ಕ್ಯಾಲೆಂಡರಿನ ಹಾಳೆ. ನವೆಂಬರ್ ತಿಂಗಳ ಬೆನ್ನ ಮೇಲೆ ಬರೆಯುತ್ತಿದ್ದೇನೆ.

ಆ ಮನೆಗೆ ನಾನು ಬಂದ ಮೊದಲ ದಿನ ನಿಮಗೆ ನೆನಪಿದೆಯೇ? ಅತ್ತೆ ಸಕ್ಕರೆ ತಾ ಎಂದರು. ಸಕ್ಕರೆ ಎಂದು ಬರೆದ ಡಬ್ಬಿ ತೆಗೆದರೆ ಒಳಗೆ ಅಂಗಿಯ ಗುಂಡಿ, ಬಿಸ್ಕತ್ತಿನ ಡಬ್ಬಿಯಲ್ಲಿ ಮೊಳೆ, ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ಹೊಲಿಗೆ ಮಿಷನ್ನಿನ ಎಣ್ಣೆ. ನಾನು ಅಳುವ ಹಾಗಾಗಿದ್ದೆ. ನೀವು ಹಿಂದಿನಿಂದ ಬಂದು "ಇಲ್ಲಿ ಓದು ಬರದಿದ್ದವರೇ ಬದುಕ್ತಾರೆ ಕಣೇ" ಅಂದಿರಿ. ಹೊದಿಕೆ ಹರಿದರೆ ಪರದೆ, ಪರದೆ ಹರಿದರೆ ದಿಂಬಿನ ಚೀಲ, ಅದೂ ಹರಿದರೆ ನೆಲ ಒರೆಸುವ ಬಟ್ಟೆ. ಒಂದು ಬಟ್ಟೆ ಆ ಮನೆಯಿಂದ ಹೊರಗೆ ಹೋಗಬೇಕಾದರೆ ದಾರದ ಎಳೆಯಾಗಿಯೇ ಹೋಗಬೇಕಿತ್ತು. ಆಗ ನನಗೆ ಮೈ ಉರಿಯುತ್ತಿತ್ತು. ಈಗ ಇಲ್ಲಿ ಪಕ್ಕದ ಮನೆಯವರು ಒಳ್ಳೆ ಗಾಜಿನ ಬಾಟಲಿ ಎಸೆದರೆ ನನಗೆ ನೋಡಿಕೊಂಡಿರಲು ಆಗುವುದಿಲ್ಲ. ಮೊನ್ನೆ ಕಸದ ತೊಟ್ಟಿಯಿಂದ ಎರಡು ಎತ್ತಿಕೊಂಡು ಬಂದೆ. ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದೆ, ಯಾರೂ ನೋಡಲಿಲ್ಲ.

ಅಕ್ಕಾ, ಕುರ್ಚಿ ಎಂದು ಯಾವುದನ್ನು ಹೇಳುತ್ತೀರಿ? ಇವರು ಗಾಡಿಗೆ ಹಾಕಿದ್ದು ಹಿತ್ತಲಲ್ಲಿದ್ದ ಮುಖ ತೊಳೆಯುವ ಸ್ಟ್ಯಾಂಡು. ನಡುವಿನ ತೂತಿನಲ್ಲಿ ಬೋಗುಣಿ ಕೂರುತ್ತಿತ್ತಲ್ಲ, ಬೆನ್ನಿಗೆ ಸೋಪಿನ ಡಬ್ಬಿ ಹೊಡೆದಿದ್ದದ್ದು. ಕಾಲು ಲಡ್ಡಾಗಿ ಪಾಚಿ ಕಟ್ಟಿತ್ತು. ಅಂಥದ್ದಕ್ಕೆ ಯಾರಾದರೂ ಎರಡು ವರ್ಷ ಮಾತು ಬಿಡುತ್ತಾರೆಯೇ? ನನಗೇನೂ ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. ಹಂಚಿಕೆಯಲ್ಲಿ ಅತ್ತೆಯ ದೊಡ್ಡ ತಾಮ್ರದ ಪಾತ್ರೆ ನನಗೆ ಬಂತು. ಭಾವನ ಮನಸ್ಸಿಗೆ ಅದು ಬಂದಿರಲಿಲ್ಲ ಎಂದು ನನಗೆ ಅವತ್ತೇ ಅನ್ನಿಸಿತ್ತು. ಹಿರಿಯ ಸೊಸೆಗೆ ಸಲ್ಲಬೇಕಾದದ್ದು ಅದು.

ಇವರ ಜೊತೆ ಲಿಫ್ಟ್ ರಿಪೇರಿ ಮಾಡುವವರೊಬ್ಬರು ನಿಮ್ಮ ಊರಿಗೆ ಬರುತ್ತಿದ್ದಾರೆ. ಪಾತ್ರೆ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಹುಣಸೆಹಣ್ಣು ಹಾಕಿ ಉಜ್ಜಿದ್ದೇನೆ, ಹೊಳೆಯುತ್ತಿದೆ. ಇನ್ನಾದರೂ ಭಾವ ಹೊಟ್ಟೆಗೆ ಹಾಕಿಕೊಳ್ಳಲಿ.

ನಿಮ್ಮ
ಗುಬ್ಬಿ


2 ಫೆಬ್ರವರಿ 1992

ಪಾತ್ರೆ ತಲುಪಿತು.

ಅದನ್ನು ನಿನಗೆ ಕೊಡಿಸಿದವಳು ನಾನು. ನಿನ್ನ ಭಾವ ಯಾವ ಪಾತ್ರೆ ಯಾರಿಗೆ ಹೋಯಿತು ಎಂದು ತಿರುಗಿಯೂ ನೋಡಿರಲಿಲ್ಲ. ಆ ಪಾತ್ರೆಯಲ್ಲಿ ನೀನು ಮೊದಲ ಸಲ ಮನೆಮಂದಿಗೆಲ್ಲ ಅಡುಗೆ ಮಾಡಿ ತಳ ಹಿಡಿಸಿದ್ದೆ, ನಾವಿಬ್ಬರೂ ಅತ್ತೆಗೆ ಕಾಣದಂತೆ ಹಿತ್ತಲಲ್ಲಿ ಕೂತು ಕೆರೆದಿದ್ದೆವು. ಅದಕ್ಕೇ ನಿನ್ನ ಹತ್ತಿರ ಇರಲಿ ಅಂದುಕೊಂಡಿದ್ದೆ. ಕೊಟ್ಟದ್ದನ್ನು ಹಿಂದಕ್ಕೆ ಕಳಿಸುವುದು ಸಂಬಂಧ ಕಡಿದುಕೊಳ್ಳುವವರ ಕೆಲಸ. ನಾವು ಕುರ್ಚಿಗೆ ಅತ್ತರೆ ನಿಮಗೆ ಅದು ಪಾತ್ರೆಯ ಆಸೆಯಾಗಿ ಕಂಡಿತು. ಆಗಲಿ.

ಮಕ್ಕಳು ಚೆನ್ನಾಗಿರಲಿ.


18 ಮಾರ್ಚ್ 1992

ಅಕ್ಕಾ,

ನಿಮ್ಮ ಕಾಗದದ ಮೇಲೆ 'ಪ್ರೀತಿಯ' ಇರಲಿಲ್ಲ, ಕೆಳಗೆ 'ಅಕ್ಕ' ಇರಲಿಲ್ಲ. ಅದನ್ನು ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟು ಮೂರು ಸಲ ಉತ್ತರ ಬರೆದು ಮೂರು ಸಲವೂ ಒಲೆ ಹಚ್ಚಲು ಉಪಯೋಗಿಸಿದೆ. ಅತ್ತೆಯ ಸೊಸೆ ಕೋಪವನ್ನೂ ದಂಡ ಮಾಡುವುದಿಲ್ಲ ನೋಡಿ. ನಾನು ತಿಳಿಗೇಡಿ. ಬೈಯಿರಿ, ಆದರೆ ನೀವು ಚೆನ್ನಾಗಿರಿ ನಾವು ಚೆನ್ನಾಗಿರುತ್ತೇವೆ ಎನ್ನುವ ಕಾಗದ ಮಾತ್ರ ಬರೆಯಬೇಡಿ. ಮೇ ತಿಂಗಳು ಹತ್ತಿರ ಬಂತು. ಮುನಿಸಿಕೊಂಡೇ ನೀವು ರೈಲು ಹತ್ತಿದರೆ ನಾನು ಯಾರ ಮುಂದೆ ಹೋಗಿ ಅಳಲಿ?

ಇಷ್ಟು ದಿನ ಹೇಳದ ಒಂದು ಸಂಗತಿ ಇದೆ. ಮನೆ ಖಾಲಿ ಮಾಡಿದ ಮಾರನೆಯ ಬೆಳಿಗ್ಗೆ ಇವರು ಕಾಫಿಯನ್ನೂ ಕುಡಿಯದೆ ಎಲ್ಲಿಗೋ ಹೋದರು. ಊಟದ ಹೊತ್ತಿಗೆ ಬಂದಾಗ ಕಂಕುಳಲ್ಲಿ ಒಂದು ಹಲಗೆ ಇತ್ತು. ನಮ್ಮದೇ ಸ್ಟ್ಯಾಂಡಿನ ಬೆನ್ನು. "ಗುಜರಿ ಅಂಗಡೀಲಿ ಉಳಿದದ್ದು ಇಷ್ಟೇ, ಮಿಕ್ಕಿದ್ದು ಸೌದೆಗೆ ಹೋಗಿತ್ತು" ಅಂದರು. ಅದೇಕೆ ಬೇಕಿತ್ತು ಎಂದು ಕೇಳಿದರೆ ಕೈ ತೊಳೆದು ಊಟಕ್ಕೆ ಕೂತರು. ಇವರು ಬಾಯಿ ಬಿಡುವುದು ಊಟಕ್ಕೆ, ಆಕಳಿಕೆಗೆ ಮಾತ್ರ ಎಂದು ನಿಮಗೆ ಗೊತ್ತಲ್ಲ.

ಈ ಮನೆಗೆ ಬಂದ ಮೇಲೆ ಅದನ್ನು ಉಜ್ಜಿ, ಪಾಲಿಶ್ ಹಾಕಿ, ನಾಲ್ಕು ಗೂಟ ಹೊಡೆದು ಬಾಗಿಲ ಪಕ್ಕ ಗೋಡೆಗೆ ಹಾಕಿದರು. ಪಾಲಿಶ್ ಹಾಕಿದ ಮೇಲೆ ಗೊತ್ತಾಯಿತು, ಅದು ಎಷ್ಟು ಚೆಂದದ ಮರ! ಮೇಲಂಚಿಗೆ ಎಲೆಯ ಹಾಗೆ ಕೆತ್ತಿದ್ದಾರೆ. ಒಂದು ಕಡೆ ಉದ್ದಕ್ಕೆ ಬಿರುಕಿದೆ. ಯಾವ ಕಾಲದಲ್ಲೋ ಯಾರೋ ಅದಕ್ಕೆ ತಾಮ್ರದ ತಂತಿ ಸುತ್ತಿದ್ದಾರೆ, ಒಂದರ ಪಕ್ಕ ಒಂದು, ದಾರದ ಉಂಡೆಯಷ್ಟು ಒಪ್ಪವಾಗಿ. ನಾನು ಅದನ್ನು ಕಿತ್ತು ಅಂಟು ಹಾಕಿ ಅಂದೆ. ಇವರು ಕೆಂಡದಂತಾದರು. ಅದರ ಮೇಲೆ ತಮ್ಮ ಕೆಲಸದ ಚೀಲ ಬಿಟ್ಟು ಬೇರೆ ಯಾರದ್ದೂ ಹಾಕಲು ಬಿಡುವುದಿಲ್ಲ. ನನ್ನ ಕೊಡೆ ತಗಲಿಸಿದರೆ ತೆಗೆದು ಮೂಲೆಗಿಡುತ್ತಾರೆ.

ಭಾವ ಅವತ್ತು ಬೀದಿಯಲ್ಲಿ ನಿಂತು "ಅಪ್ಪನನ್ನೇ ಗುಜರಿಗೆ ಹಾಕಿದೆಯಲ್ಲೋ" ಎಂದು ಕೂಗಿದ್ದು ನನ್ನ ಕಿವಿಗೂ ಬಿದ್ದಿತ್ತು. ಸಿಟ್ಟಿನಲ್ಲಿ ಏನೋ ಅಂದರು ಅಂದುಕೊಂಡೆ. ಈಗ ಆ ಹಲಗೆ ನೋಡಿದಾಗಲೆಲ್ಲ ತಲೆಯಲ್ಲಿ ಹುಳ ಹರಿಯುತ್ತದೆ. ಅದು ಯಾರ ಕುರ್ಚಿ ಅಕ್ಕಾ? ನಾನು ಆ ಮನೆಗೆ ಬಂದಾಗ ಅದು ಸ್ಟ್ಯಾಂಡೇ ಆಗಿತ್ತು. ಮೊದಲು ಕುರ್ಚಿಯಾಗಿತ್ತು ಎಂದು ಕಣ್ಣಿದ್ದವರಿಗೆ ಕಾಣುತ್ತಿತ್ತು, ನಿಜ. ಆದರೆ ಆ ಮನೆಯಲ್ಲಿ ಯಾವುದು ಮೊದಲು ಏನಾಗಿತ್ತು ಎಂದು ಕೇಳುತ್ತಾ ಕೂತರೆ ಮುಖ ತೊಳೆಯುವುದು ಯಾವಾಗ?

ನಿಮ್ಮ ತಿಳಿಗೇಡಿ
ಗುಬ್ಬಿ


27 ಮಾರ್ಚ್ 1992

ನನ್ನ ಗುಬ್ಬಿ,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಕದ್ದು ಬರೆದದ್ದು ಸಾಕು ಅನ್ನಿಸಿತು. ಅವರಿಗೂ ಮೊದಲೇ ವಾಸನೆ ಬಡಿದಿತ್ತು. ತಂದಿಟ್ಟ ಪ್ರೂಫ್ ಹಾಳೆ ಕಡಿಮೆಯಾಗುವುದನ್ನು ಬೈಂಡರ್ ಒಬ್ಬ ನೋಡದೆ ಇರುತ್ತಾನೆಯೇ? ಸುಮ್ಮನಿದ್ದರು, ಅಷ್ಟೆ.

ಅವರು ಭಾನುವಾರ ಮನೆಗೆ ತಂದ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಾ ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ಓದಿದೆ. ಒಲೆ ಹಚ್ಚಿದ ಮಾತಿಗೆ ಮೂಗಿನಲ್ಲಿ ನಕ್ಕರು. ತಾಮ್ರದ ತಂತಿಯ ಮಾತು ಬಂದಾಗ ಸೂಜಿ ನಿಂತಿತು.

"ಇನ್ನೊಂದ್ಸಲ ಓದು," ಅಂದರು.

ಓದಿದೆ. ಆಗ ನನಗೇ ಒಂದು ವಿಷಯ ಹೊಳೆಯಿತು. ಕೇಳಿದೆ, "ಮಾವ ಹೋದಾಗ ನಿಮ್ಮ ತಮ್ಮನಿಗೆ ಎಷ್ಟು ವಯಸ್ಸು?"

"ಇನ್ನೂ ಮಾತು ಸರಿಯಾಗಿ ಬರ್ತಿರಲಿಲ್ಲ."

"ಹಾಗಾದ್ರೆ ಅದು ಅಪ್ಪನ ಕುರ್ಚಿ ಅಂತ ಅವನಿಗೆ ಯಾರು ಹೇಳಿದ್ರು?"

"ಹೇಳೋದೇನು ಬಂತು? ಮನೇಲಿ ಎಲ್ಲರಿಗೂ ಗೊತ್ತಿತ್ತು."

"ಎಲ್ಲರಿಗೂ ಅಂದ್ರೆ ಯಾರಿಗೆ? ನಿಮಗೆ, ಅತ್ತೆಗೆ. ಮದುವೆಯಾದ ಮೇಲೆ ಒಂದು ದಿನ ನೀವು ಹೇಳಿದ್ದಕ್ಕೆ ನನಗೆ. ಅವನಿಗೆ?"

ಅವರು ಸೂಜಿಯನ್ನು ಪುಸ್ತಕದಲ್ಲೇ ಚುಚ್ಚಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು.

ಗುಬ್ಬಿ, ನೀನು ಮಾವನನ್ನು ನೋಡಿಲ್ಲ, ನಾನೂ ನೋಡಿಲ್ಲ. ಪ್ರೆಸ್ಸಿನಲ್ಲಿ ಸೀಸದ ಅಕ್ಷರ ಜೋಡಿಸುತ್ತಿದ್ದರಂತೆ. ಸಂಜೆ ಬಂದು ಆ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದರಂತೆ. ಒಂದು ವಾರದ ಜ್ವರ, ಹೋಗಿಬಿಟ್ಟರು. ಆ ಮೇಲೆ ಅತ್ತೆ ಮನೆಯಲ್ಲಿ ಅವರ ಹೆಸರೆತ್ತಲಿಲ್ಲ. ಅಳುವ ಬದಲು ಕತ್ತರಿ ಹಿಡಿದರು. ಮಾವನ ಅಂಗಿಗಳು ದಿಂಬಿನ ಚೀಲವಾದವು. ಪ್ಯಾಂಟುಗಳು ಸಂತೆ ಚೀಲವಾದವು. ಕೊಡೆಯ ಬಟ್ಟೆ ಮಕ್ಕಳ ಶಾಲೆಯ ಚೀಲಕ್ಕೆ ಒಳಪದರವಾಯಿತು. ಕುರ್ಚಿಯ ಬೆತ್ತ ಹರಿದ ದಿನ ತೋಳುಗಳನ್ನು ಗರಗಸದಲ್ಲಿ ಕೊಯ್ದು, ತೂತಿನಲ್ಲಿ ಬೋಗುಣಿ ಕೂರಿಸಿ ಹಿತ್ತಲಿಗೆ ಹಾಕಿದರು. ನಿನ್ನ ಭಾವ ಆಗ ಶಾಲೆ ಬಿಟ್ಟು ಅಪ್ಪನ ಪ್ರೆಸ್ಸಿಗೇ ಕೆಲಸಕ್ಕೆ ಸೇರಿದ ಹುಡುಗ. ಬೆಳಿಗ್ಗೆ ಮುಖ ತೊಳೆಯುವಾಗಲೆಲ್ಲ ಅವರಿಗೆ ಅದು ಅಪ್ಪ ಕೂತಿದ್ದ ಕುರ್ಚಿಯಾಗಿಯೇ ಕಾಣುತ್ತಿತ್ತು.

ಚಿಕ್ಕವನಿಗೆ ಅದು ಸ್ಟ್ಯಾಂಡು. ಆ ಹುಡುಗ ಅಪ್ಪನ ಅಂಗಿಯ ಮೇಲೆ ತಲೆಯಿಟ್ಟು ಮಲಗಿದ, ಅಪ್ಪನ ಕೊಡೆ ಹೊತ್ತು ಶಾಲೆಗೆ ಹೋದ, ಅಪ್ಪನ ಕುರ್ಚಿಯಲ್ಲಿ ಮುಖ ತೊಳೆದ. ಇದು ನಿಮ್ಮಪ್ಪನದು ಎಂದು ಒಬ್ಬರೂ ಹೇಳಲಿಲ್ಲ. ಹೇಳಿದ್ದು ನಿನ್ನ ಭಾವ, ಅದೂ ನಡುಬೀದಿಯಲ್ಲಿ, ಕುರ್ಚಿ ಗಾಡಿ ಏರಿದ ಮೇಲೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೂ ಇದು ಹೊಳೆಯಲಿಲ್ಲವಲ್ಲ.

ನಿನ್ನ ಭಾವ ಅವತ್ತು ಊಟ ಮಾಡಲಿಲ್ಲ. ಈಗಲೂ ಸರಿಯಾಗಿ ಮಾತಿಲ್ಲ. ಮುನಿಸಂತೂ ಅಲ್ಲ ಎಂದು ಕಾಣುತ್ತದೆ. ಮುಂದೇನು ಮಾಡುತ್ತಾರೋ ನನಗೆ ತಿಳಿಯದು. ನಾವಾಗಿ ಹೊರಡಿಸಲು ಹೋಗುವುದು ಬೇಡ. ಇಬ್ಬರದೂ ಒಂದೇ ಮೊಂಡು.

ಪಾತ್ರೆ ಇಲ್ಲೇ ಇದೆ. ನಾನು ಅದರಲ್ಲಿ ಏನೂ ಬೇಯಿಸಿಲ್ಲ.

ನಿನ್ನ
ಅಕ್ಕ


5 ಏಪ್ರಿಲ್ 1992

ಗುಬ್ಬಿ,

ಅವಸರದಲ್ಲಿ ಗೀಚುತ್ತಿದ್ದೇನೆ. ನಿನ್ನ ಭಾವ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು, ಚೀಲ ಹಿಡಿದು, "ಪ್ರೆಸ್ಸಿಗೆ ಹೋಗಿ ಬರ್ತೀನಿ" ಎಂದು ಹೊರಟರು. ಇವತ್ತು ಭಾನುವಾರ. ಪ್ರೆಸ್ಸಿಗೆ ಬೀಗ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ನಾನು "ಹೂಂ" ಅಂದೆ.

ಎಲ್ಲಿಗೆ ಹೋದರೆಂದು ನಾನು ಊಹೆ ಮಾಡಿದ್ದು ನಿಜವಾದರೆ ಈ ಕಾಗದಕ್ಕಿಂತ ಮೊದಲೇ ಅವರು ನಿನ್ನ ಬಾಗಿಲಲ್ಲಿರುತ್ತಾರೆ. ನಿಜವಾಗದಿದ್ದರೆ ಎಲ್ಲಿ ಹುಡುಕಬೇಕೋ ನನಗೆ ತಿಳಿಯದು. ಅವರು ಬಂದರೆ ಏನೂ ಕೇಳಬೇಡ. ಚಹಾ ಕೊಟ್ಟು ಕೂರಿಸು. ಸಕ್ಕರೆ ಕಡಿಮೆ ಹಾಕು.

ಅಕ್ಕ


6 ಏಪ್ರಿಲ್ 1992

ಅಕ್ಕಾ,

ಇವರು ಬೆಳಿಗ್ಗೆಯೇ ನಿಮ್ಮ ಕೆಳಮನೆಯ ಫೋನಿಗೆ ಮಾಡಿ "ಅಣ್ಣ ಇಲ್ಲಿದ್ದಾರೆ, ಚೆನ್ನಾಗಿದ್ದಾರೆ" ಎಂದು ಹೇಳಿದ್ದಾರೆ. ಅಷ್ಟೇ ನಿಮಗೆ ತಲುಪಿರುತ್ತದೆ. ಉಳಿದದ್ದನ್ನು ಡಂಗುರದವರಿಗೆ ಹೇಳುವುದು ಬೇಡವೆಂದು ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ನಾನು ಬಾಟಲಿ ತೊಳೆಯುತ್ತಿದ್ದೆ. ಬಾಗಿಲು ಬಡಿಯಿತು. ತೆಗೆದರೆ ಭಾವ. ಎರಡು ವರ್ಷದಲ್ಲಿ ಕೂದಲು ಎಷ್ಟು ಬೆಳ್ಳಗಾಗಿದೆ ಅಕ್ಕಾ, ನೀವು ಬರೆಯಲೇ ಇಲ್ಲ.

"ಇದ್ದಾನಾ?" ಅಂದರು.

ಇವರಿಗೆ ಭಾನುವಾರವೂ ಡ್ಯೂಟಿ, ಯಾವುದೋ ಆಫೀಸಿನ ಲಿಫ್ಟು ನಡುವೆ ನಿಂತುಬಿಟ್ಟಿತ್ತು. ಸಂಜೆ ಬರುತ್ತಾರೆ ಅಂದೆ. ಭಾವ ಒಳಗೆ ಬಂದು ಹಲಗೆಗೆ ಎದುರಾಗಿ ಕೂತರು. ಅದನ್ನು ಮುಟ್ಟಲಿಲ್ಲ. ನಾನು ಕೊಟ್ಟ ಚಹಾ ಆರಿ ತಣ್ಣಗಾಯಿತು, ಅದನ್ನೇ ಕುಡಿದರು.

ಇವರು ಬಂದರು. ರೂಢಿಯಂತೆ ನೋಡದೆಯೇ ಚೀಲವನ್ನು ಗೂಟಕ್ಕೆ ಹಾಕಿ ತಿರುಗಿದರು. ಅಣ್ಣನನ್ನು ಕಂಡು ಗೋಡೆಗೆ ಅಂಟಿಕೊಂಡು ನಿಂತುಬಿಟ್ಟರು. ಕೊನೆಗೆ ಭಾವ ಹಲಗೆಯ ಕಡೆ ಗಲ್ಲ ತೋರಿಸಿ, "ಗೂಟ ಗಟ್ಟಿಯಾಗಿದೆ. ಯಾವ ಅಂಟು?" ಅಂದರು.

"ಅಂಟಲ್ಲ. ಸ್ಕ್ರೂ."

"ಸ್ಕ್ರೂ ಆದ್ರೆ ಮರ ಸೀಳುತ್ತಲ್ಲ?"

"ಮೊದ್ಲು ಸಣ್ಣ ತೂತು ಕೊರೆದೆ."

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಎರಡು ವರ್ಷ ಮಾತು ಬಿಟ್ಟವರು ಅಂಟು ಸ್ಕ್ರೂ ಎಂದು ಬಡಗಿಗಳ ಹಾಗೆ ಮಾತಾಡುತ್ತಿದ್ದಾರೆ! ಆಮೇಲೆ ಇವರು ನೆಲ ನೋಡುತ್ತಾ "ನಂಗೆ ಗೊತ್ತಿರ್ಲಿಲ್ಲ ಅಣ್ಣ" ಅಂದರು. ಭಾವ "ನಂಗೀಗ ಗೊತ್ತಾಯ್ತು. ಬಾ, ಕೂತ್ಕೋ ಪುಟ್ಟ" ಅಂದರು. ನಲವತ್ತು ದಾಟಿದ ಗಂಡಸನ್ನು ಪುಟ್ಟ ಎಂದು ಕರೆದದ್ದು ಕೇಳಿ ನಮ್ಮ ಮಗಳು ಒಳಗಿನಿಂದ ಕಿಸಕ್ಕೆಂದಳು. ಅವಳ ಬಾಯಿ ಮುಚ್ಚಿ ಅಡುಗೆಮನೆಗೆ ಎಳೆದುಕೊಂಡು ಹೋದೆ. ಕಿವಿ ಮಾತ್ರ ಅಲ್ಲೇ ಬಿಟ್ಟಿದ್ದೆ.

ಆಮೇಲೆ ಭಾವ ಮಾವನ ವಿಷಯ ಹೇಳಿದರು. ಒಂದು ಕಾಲು ಮಡಚಿ ಕೂರುತ್ತಿದ್ದದ್ದು, ಎಷ್ಟು ತೊಳೆದರೂ ಹೋಗದ ಬೆರಳ ತುದಿಯ ಮಸಿ, ಮಾತಾಡುವ ಮೊದಲು ಕೆಮ್ಮುತ್ತಿದ್ದದ್ದು. ಒಂದು ದಿನ ಯಾರೋ ಹೇಳಿದ ತಮಾಷೆಗೆ ಹಿಂದಕ್ಕೆ ಒರಗಿ ಎಷ್ಟು ಜೋರಾಗಿ ನಕ್ಕರೆಂದರೆ ಕುರ್ಚಿಯ ಬೆನ್ನು ಚಟ್ಟೆಂದು ಸೀಳಿತಂತೆ. ಅತ್ತೆಯ ಬೈಗುಳಕ್ಕೆ ಹೆದರಿ ಅವರೇ ತಾಮ್ರದ ತಂತಿ ತಂದು ಸುತ್ತಿದರಂತೆ. ಅಕ್ಕಾ, ಮಾವ ನಗುತ್ತಿದ್ದರು ಎಂಬುದೇ ನನಗೆ ಹೊಸದು. ಇವರು ಕೇಳಿದ್ದೂ ಕೇಳಿದ್ದೇ. ಎತ್ತರ ಎಷ್ಟಿದ್ದರು, ಯಾವ ಕೈಯಲ್ಲಿ ಬರೆಯುತ್ತಿದ್ದರು, ನನ್ನ ದನಿ ಅವರ ಹಾಗಿದೆಯಾ. ಮದುವೆಯಾದಾಗಿನಿಂದ ಇವರ ಬಾಯಲ್ಲಿ ಅಷ್ಟು ಪ್ರಶ್ನೆ ನಾನು ಕೇಳಿಲ್ಲ.

ಭಾವ ಶನಿವಾರದವರೆಗೆ ಹೊರಡುವ ಹಾಗಿಲ್ಲ. ಪ್ರೆಸ್ಸಿಗೆ ರಜೆ ಹೇಳಿ ಕಳಿಸಿದ್ದಾರೆ. ಈ ಕಾಗದ ಕೈಸೇರಿದ ಕೂಡಲೇ ನೀವು ಬಸ್ಸು ಹತ್ತಿ. ಪಾತ್ರೆ ತನ್ನಿ, ಬಟ್ಟೆ ತರದಿದ್ದರೂ ನಡೆಯುತ್ತದೆ, ನನ್ನದು ಉಟ್ಟುಕೊಳ್ಳುವಿರಂತೆ. ನನ್ನ ಅಡುಗೆಮನೆ ಎಷ್ಟು ಇಕ್ಕಟ್ಟೆಂದರೆ ನೀವು ಬಂದರೆ ಒಬ್ಬರಿಗೊಬ್ಬರು ತಗಲದೆ ತಿರುಗಲು ಸಾಧ್ಯವೇ ಇಲ್ಲ.

ಒಂದು ಮಾತು ಮಾತ್ರ ನೀವು ಬರುವವರೆಗೂ ಕಾಯದೆ ಬರೆದುಬಿಡುತ್ತೇನೆ. ಊಟಕ್ಕೆ ಏಳುವ ಮೊದಲು ಇವರು ಕೊನೆಯದಾಗಿ ಒಂದು ಪ್ರಶ್ನೆ ಕೇಳಿದರು.

"ಅಣ್ಣ, ಒಂದ್ಸಲನಾದ್ರೂ ನಾನು ಆ ಕುರ್ಚಿ ಮೇಲೆ ಕೂತಿದ್ನಾ?"

ಭಾವ ನಕ್ಕರು. "ನೀನೆಲ್ಲಿ ಕೂತೆ? ಅಪ್ಪನ ತೊಡೆ ಬಿಟ್ಟು ಇಳಿದಿದ್ರೆ ತಾನೆ ಕುರ್ಚಿ ಮೇಲೆ ಕೂರೋದು!"

ಇವರು ಎದ್ದು ಹೊರಗೆ ಹೋದರು. ತಟ್ಟೆ ಹಾಕಿ ಆಗಿತ್ತು, ನಾನು ಕರೆಯಲು ಹೊರಟೆ. ಭಾವ ಕೈ ಅಡ್ಡ ಹಿಡಿದು, "ಬಿಡಮ್ಮ, ಸ್ವಲ್ಪ ಹೊತ್ತು ಇರ್ಲಿ ಅಲ್ಲಿ," ಅಂದರು.

ನಿಮ್ಮ
ಗುಬ್ಬಿ